ನೆಚ್ಚಿಕೆಯ ನೆಲೆ

ನಾವು ಒಂದು ವಸ್ತುವನ್ನು ನೆಚ್ಚಿಕೊಂಡಿರುವಾಗ ಆ ನೆಚ್ಚಿಕೆಗೆ ಆಧಾರವಾದುದು ಆ ವಸ್ತುವಿನಲ್ಲಿ ನೆಲೆಸಿರುವ ಗುಣವೋ, ಅದು ಇದುವರೆಗೆ ನಡೆದುಕೊಂಡು ಬಂದ ರೀತಿಯೋ, ಅಥವಾ ನೆಚ್ಚಿದವನ ಮನಸ್ಸಿನ ಒಂದು ಸ್ಥಿತಿ ಮಾತ್ರವೋ ಎಂಬ ಪ್ರಶ್ನೆಯನ್ನು ತತ್ತ್ವಚಿಂತಕರು ಬಹುಮಟ್ಟಿಗೆ ದೊಡ್ಡ ವಿಷಯಗಳನ್ನು ಕುರಿತೇ ಕೇಳುತ್ತ ಬಂದಿದ್ದಾರೆ; ವೇದವು ಏಕೆ ಪ್ರಮಾಣ, ಇಂದ್ರಿಯಗಳನ್ನು ಎಷ್ಟರಮಟ್ಟಿಗೆ ನಂಬಬಹುದು, ಈಶ್ವರನಲ್ಲಿಟ್ಟ ಶ್ರದ್ಧೆಗೆ ಯುಕ್ತಿಯ ಬೆಂಬಲವುಂಟೆ ಎಂಬಿವೇ ಅವರ ಚರ್ಚೆಯ ಪ್ರಧಾನ ಸ್ಥಾನಗಳು. ಆದರೆ ದೊಡ್ಡ ವಿಷಯಗಳಲ್ಲಿಟ್ಟ ನಂಬಿಕೆಗೆ ಪರೀಕ್ಷೆಯ ದಿನವು ಬಹುಕಾಲ ಬಾರದೆ ಹೋಗಬಹುದು. ಸಾಮಾನ್ಯ ವಸ್ತುವಿನಲ್ಲಿಟ್ಟ ನಂಬಿಕೆಯಾದರೋ ಪ್ರತಿದಿನವೂ ತನ್ನ ಲೆಕ್ಕವನ್ನು ಒಪ್ಪಿಸಲೇಬೇಕು. ಆದುದರಿಂದ ಈ ಪ್ರಶ್ನೆಯನ್ನು ಒಂದು ಯಂತ್ರದ ನಿಮಿತ್ತವಾಗಿ, ಅದರಲ್ಲಿಯೂ ಸೇನೆಗೆಂದು ಹುಟ್ಟಿ ಈಗ ಕಾಗದದ ಗುರಿಯ ಎದುರಿನಲ್ಲಿ ಮಾತ್ರ ತನ್ನ ಸತ್ತ್ವವನ್ನು ತೋರಿಸಬೇಕಾಗಿರುವ ಒಂದು ಹಳೆಯ ರೈಫಲ್ಲಿನ ನಿಮಿತ್ತವಾಗಿ, ವಿಚಾರಿಸುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ.

ನಾನು ಹೇಳುತ್ತಿರುವುದು ಅಮೆರಿಕದ ಎಂ-1 ಗ್ಯಾರಂಡ್ ಎಂಬ ರೈಫಲ್ಲನ್ನು. 1888ರಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಜನಿಸಿ, ಮ್ಯಾಸಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಸರಕಾರಿ ಆಯುಧಾಗಾರದಲ್ಲಿ ತನ್ನ ಆಯುಷ್ಯದ ಬಹುಭಾಗವನ್ನು ಕಳೆದ ಜಾನ್ ಗ್ಯಾರಂಡ್ ಎಂಬ ಯಂತ್ರಶಿಲ್ಪಿಯ ದೀರ್ಘಕಾಲದ ತಪಸ್ಸಿನ ಫಲವದು. 1936ರಲ್ಲಿ ಅಮೆರಿಕದ ಸೇನೆ ಅದನ್ನು ಅಂಗೀಕರಿಸಿತು, ಶಿಲ್ಪಿಯು ತನ್ನ ಹಕ್ಕುಗಳನ್ನು ಸರಕಾರಕ್ಕೆ ಬಿಟ್ಟುಕೊಟ್ಟನು, ಮುಂದಿನ ಎರಡು ದಶಕಗಳಲ್ಲಿ 50 ಲಕ್ಷಕ್ಕೂ ಮಿಕ್ಕ ರೈಫಲ್ಲುಗಳು ತಯಾರಾದವು. ಗುಂಡು ಹಾರಿದೊಡನೆ ನಳಿಗೆಯ ಮೂತಿಯ ಸಮೀಪದಲ್ಲಿ ಕೊರೆದಿರುವ ಒಂದು ಸಣ್ಣ ರಂಧ್ರದಿಂದ ಕಾದ ಅನಿಲದ ಅಲ್ಪಾಂಶವು ಕೆಳಕ್ಕೆ ಹರಿದು, ಆಪರೇಟಿಂಗ್ ರಾಡ್ ಎಂಬ ಉದ್ದನೆಯ ಸರಳನ್ನು ಹಿಂದಕ್ಕೆ ತಳ್ಳುತ್ತದೆ. ಆ ಸರಳು ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಬೋಲ್ಟನ್ನು ತಿರುಗಿಸಿ ತೆರೆದು, ಬರಿದಾದ ತೋಟಾವನ್ನು ಹೊರಕ್ಕೆ ಎಸೆದು, ತನ್ನೊಳಗಿನ ಸ್ಪ್ರಿಂಗನ್ನು ಅದುಮುತ್ತದೆ. ಅದುಮಿಸಿಕೊಂಡ ಸ್ಪ್ರಿಂಗು ಪುನಃ ಚಾಚಿಕೊಳ್ಳುವಾಗ ಹೊಸ ತೋಟಾ ನಳಿಗೆಯನ್ನು ಸೇರುತ್ತದೆ. ಎಂಟು ಗುಂಡುಗಳು ತೀರಿದಾಗ ಅವುಗಳನ್ನು ಹಿಡಿದಿದ್ದ ಉಕ್ಕಿನ ಕ್ಲಿಪ್ಪು ಠಣ್ಣೆಂದು ಮೇಲಕ್ಕೆ ಚಿಮ್ಮುತ್ತದೆ. ಅರೆಸ್ವಯಂಚಾಲಿತವೆಂದು ಕರೆಯುವುದು ಇದನ್ನೇ: ಪ್ರತಿಯೊಂದು ಗುಂಡಿಗೂ ಬೆರಳು ಕುದುರೆಯನ್ನು ಎಳೆಯಬೇಕು, ಉಳಿದ ಕಾರ್ಯವೆಲ್ಲ ಯಂತ್ರದ್ದು.

ಅಮೆರಿಕದ ರಾಷ್ಟ್ರೀಯ ಗುರಿಸ್ಪರ್ಧೆಗಳು 1903ರಲ್ಲಿ ಆರಂಭವಾಗಿ, 1907ರಿಂದ ಓಹಾಯೊ ಸಂಸ್ಥಾನದ ಈರೀ ಸರೋವರದ ದಡದ ಮೇಲಿರುವ ಕ್ಯಾಂಪ್ ಪೆರಿಯಲ್ಲಿ ನೆಲೆಯೂರಿವೆ. ಸೇನೆಯು ಎಂ-1ನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೆ, 1998ರಿಂದೀಚೆಗೆ, ಅಲ್ಲಿ ಗ್ಯಾರಂಡನ ಹೆಸರಿನಲ್ಲಿಯೇ ಪ್ರತ್ಯೇಕವಾದ ಸ್ಪರ್ಧೆಯೊಂದು ನಡೆಯುತ್ತದೆ. 200 ಗಜಗಳ ಆಚೆಯ ಕಪ್ಪು ವೃತ್ತ. ಮಲಗಿ ನಿಧಾನವಾಗಿ ಹತ್ತು ಗುಂಡು, ನಿಂತು ಹತ್ತು, ಇವೆರಡರ ನಡುವೆ ಮಲಗಿಯೇ 80 ಸೆಕೆಂಡುಗಳಲ್ಲಿ ಮುಗಿಸಬೇಕಾದ ಹತ್ತು. ಈ ತ್ವರಿತ ಸರಣಿಯಲ್ಲಿ ಮೊದಲು ಎರಡು ಗುಂಡಿನ ಕ್ಲಿಪ್ಪು, ಆಮೇಲೆ ಎಂಟರದು. ಯಂತ್ರದ ಮೇಲೆ ನೆಚ್ಚಿಕೆಯಿಡುವುದೆಂದರೆ ಏನೆಂಬುದು ಆ 80 ಸೆಕೆಂಡುಗಳಲ್ಲಿ ನಗ್ನವಾಗಿ ಕಾಣುತ್ತದೆ. ತೋಟಾ ಓರೆಯಾಗಿ ಸಿಕ್ಕಿಕೊಂಡರೆ, ಬೋಲ್ಟು ಪೂರ್ತಿಯಾಗಿ ಮುಚ್ಚದೆ ಹೋದರೆ, ಕಳೆದ ಕಾಲವು ಮರಳಿ ಬಾರದು. ಆ ರೈಫಲ್ಲುಗಳ ವಯಸ್ಸೋ ಅರುವತ್ತು, ಎಪ್ಪತ್ತು, ಎಂಬತ್ತು ವರ್ಷ. ಅನೇಕವು ಯುದ್ಧವನ್ನು ಕಂಡಿವೆ, ಸಾಗರವನ್ನು ದಾಟಿ ಮರಳಿವೆ. ಇಂಥ ಒಂದು ವಸ್ತುವನ್ನು ಭುಜಕ್ಕೇರಿಸಿ ಮಲಗುವವನು ಯಾವ ಧೈರ್ಯದಿಂದ ಮಲಗುತ್ತಾನೆ?

ಪ್ರಾಮಾಣ್ಯವನ್ನು, ಎಂದರೆ ಜ್ಞಾನದ ಸತ್ಯತೆಯನ್ನು, ಕುರಿತು ನಮ್ಮ ದರ್ಶನಕಾರರು ಶತಮಾನಗಳ ಕಾಲ ನಡೆಸಿದ ವಾದವು ಈ ಧೈರ್ಯದ ವಿಚಾರಕ್ಕೆ ಚೆನ್ನಾಗಿ ಒದಗಿಬರುತ್ತದೆ. ಕುಮಾರಿಲಭಟ್ಟನ ಅನುಯಾಯಿಗಳಾದ ಮೀಮಾಂಸಕರ ಮತದಲ್ಲಿ ಜ್ಞಾನವು ತನ್ನಷ್ಟಕ್ಕೆ ತಾನೇ ಪ್ರಮಾಣ; ಬಾಧಕವು ತೋರುವವರೆಗೆ, ಅಥವಾ ಅದರ ಕಾರಣದಲ್ಲಿ ದೋಷವು ಕಾಣುವವರೆಗೆ, ಅದನ್ನು ಶಂಕಿಸಲು ಹಕ್ಕಿಲ್ಲ. ಪ್ರತಿಯೊಂದು ಜ್ಞಾನವೂ ಇನ್ನೊಂದು ಜ್ಞಾನದಿಂದ ಸಮರ್ಥಿತವಾಗಬೇಕೆಂದರೆ ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗಿ, ಕೊನೆಯೇ ಇಲ್ಲದಂತಾಗುವುದೆಂದು ಅವರ ಆಕ್ಷೇಪ. ನೈಯಾಯಿಕರು ಇದಕ್ಕೆ ಒಪ್ಪುವುದಿಲ್ಲ. ದೂರದಲ್ಲಿ ಕಂಡುದು ನೀರೆಂಬ ಜ್ಞಾನವು ನಿಜವೋ ಅಲ್ಲವೋ ಎಂಬುದು ಅಲ್ಲಿಗೆ ಹೋಗಿ ಕುಡಿದಾಗ, ಎಂದರೆ ಪ್ರವೃತ್ತಿಯು ಸಫಲವಾದಾಗ, ನಿಶ್ಚಿತವಾಗತಕ್ಕುದು. ಪ್ರಾಮಾಣ್ಯವು ಹೊರಗಿನಿಂದ ಬರುತ್ತದೆ, ಪರೀಕ್ಷೆಯಿಂದ ಬರುತ್ತದೆ. ಪರಿಚಿತವಾದ ವಿಷಯದಲ್ಲಿ ಪ್ರತಿಸಲವೂ ಪರೀಕ್ಷೆ ಬೇಡ. ಇದು ಹಿಂದೆ ಸಫಲವಾದುದರ ಜಾತಿಗೇ ಸೇರಿದುದೆಂಬ ಅನುಮಾನವೇ ಸಾಕು. ಉಡುಪಿಯ ಮಧ್ವಾಚಾರ್ಯರ ಸಂಪ್ರದಾಯವಾದರೋ, ಪ್ರಾಮಾಣ್ಯವನ್ನು ಗ್ರಹಿಸುವುದು ಮನಸ್ಸಲ್ಲ, ಆತ್ಮನ ಸ್ವರೂಪವೇ ಆದ ಸಾಕ್ಷಿ; ಸಂಶಯವು ಮನಸ್ಸಿನ ವ್ಯಾಪಾರವೇ ಹೊರತು ಸಾಕ್ಷಿಯದಲ್ಲ ಎಂದು ನಿರ್ಣಯಿಸಿ, ಸ್ವತಃಪ್ರಾಮಾಣ್ಯದ ಪಕ್ಷವನ್ನೇ ಬೇರೊಂದು ಬಗೆಯಲ್ಲಿ ಎತ್ತಿಹಿಡಿಯಿತು.

ಗುರಿಕಾರನ ನಡವಳಿಕೆಯನ್ನು ಗಮನಿಸಿದರೆ ಈ ಎರಡು ಪಕ್ಷಗಳೂ ಅವನಲ್ಲಿ ಸರದಿಯಂತೆ ರಾಜ್ಯವಾಳುವುದನ್ನು ಕಾಣಬಹುದು. ಸ್ಪರ್ಧೆಗೆ ಮುಂಚಿನ ವಾರಗಳಲ್ಲಿ ಅವನು ನಿಷ್ಠಾವಂತ ನೈಯಾಯಿಕ. ಪ್ರತಿಯೊಂದು ಭಾಗವನ್ನೂ ಶಂಕಿಸುತ್ತಾನೆ, ಗೇಜುಗಳಿಂದ ಅಳೆಯುತ್ತಾನೆ, ಮೈದಾನದಲ್ಲಿ ಹಾರಿಸಿ ನೋಡುತ್ತಾನೆ; ತೋಟಾಗಳನ್ನು ಕೊಳ್ಳುವಾಗ ಹಿಂದೆ ಸರಿಯಾಗಿ ನಡೆದ ಲಾಟಿಗೇ ಸೇರಿದವನ್ನು ಹುಡುಕುತ್ತಾನೆ, ಏಕೆಂದರೆ ಅವನ ಅನುಮಾನವೆಲ್ಲ ಆ ಸಜಾತೀಯತೆಯ ಮೇಲೆ ನಿಂತಿದೆ. ಆದರೆ ಸಮಯವನ್ನು ಎಣಿಸುವ ಕೂಗು ಕೇಳಿದೊಡನೆ ಅವನು ಮೀಮಾಂಸಕನಾಗದೆ ಗತಿಯಿಲ್ಲ. ಮೂರನೆಯ ಗುಂಡಿಗೂ ನಾಲ್ಕನೆಯದಕ್ಕೂ ನಡುವೆ ಬೋಲ್ಟು ಸರಿಯಾಗಿ ಕೂತಿದೆಯೆ ಎಂದು ತಲೆಯೆತ್ತಿ ನೋಡುವವನ ಗುಂಡು ವೃತ್ತವನ್ನು ಸೇರಲಾರದು. ಬಾಧಕವು ತಾನಾಗಿ ತೋರಿದರೆ ತೋರಲಿ, ಅದುವರೆಗೆ ಯಂತ್ರವು ಸರಿಯಾಗಿದೆ ಎಂದೇ ಅವನು ವರ್ತಿಸಬೇಕು. ಶಂಕೆಗೂ ಶ್ರದ್ಧೆಗೂ ಪ್ರತ್ಯೇಕ ಕಾಲಗಳುಂಟೆಂದೂ ಒಂದರ ಕಾಲದಲ್ಲಿ ಇನ್ನೊಂದನ್ನು ತಂದರೆ ಎರಡೂ ಕೆಡುತ್ತವೆಯೆಂದೂ ನನಗೆ ಇದರಿಂದ ತೋರುತ್ತದೆ. ಪರೀಕ್ಷೆಯ ಕಾಲದಲ್ಲಿ ಭಕ್ತಿಯಿಂದಿರುವವನು ಮೂಢ. ಕಾರ್ಯದ ಕಾಲದಲ್ಲಿ ಶಂಕಿಸುವವನು ಅಸಮರ್ಥ. ದೇವರ ವಿಷಯದಲ್ಲಿಯೂ ಈ ಮಾತು ಸಲ್ಲಬಹುದೆ ಎಂಬುದನ್ನು ನನಗಿಂತ ಅಧಿಕಾರಿಗಳಾದವರು ಹೇಳಬೇಕು.

ಆದರೆ ಇಲ್ಲಿ ದರ್ಶನಕಾರರ ದೃಷ್ಟಾಂತಗಳಲ್ಲಿ ಕಾಣದ ಒಂದು ಕಷ್ಟವಿದೆ. ಈ ಬರಹದ ಮುಖ್ಯ ವಿಷಯವೂ ಅದೇ. ನೀರನ್ನು ಕುಡಿದು ನೋಡಿದರೆ ನೀರಿನ ಜ್ಞಾನಕ್ಕೆ ಹಾನಿಯಿಲ್ಲ. ಅಡಿಗೆಮನೆಯಲ್ಲಿ ಹೊಗೆಯೊಡನೆ ಬೆಂಕಿಯನ್ನು ನೂರು ಸಲ ಕಂಡರೆ ಅವುಗಳ ವ್ಯಾಪ್ತಿಯು, ಎಂದರೆ ತಪ್ಪದ ಸಾಹಚರ್ಯವು, ಬಲಗೊಳ್ಳುತ್ತದೆಯೇ ಹೊರತು ಸವೆಯುವುದಿಲ್ಲ. ರೈಫಲ್ಲಿನ ಪರೀಕ್ಷೆ ಹಾಗಲ್ಲ. ಪ್ರತಿಯೊಂದು ಗುಂಡೂ ನಳಿಗೆಯ ಗಂಟಲನ್ನು, ಎಂದರೆ ತೋಟಾ ಕೂರುವ ಗೂಡಿನ ಮುಂದೆ ಸುರುಳಿಗೆರೆಗಳು ಆರಂಭವಾಗುವ ಜಾಗವನ್ನು, ಉರಿಯುವ ಅನಿಲದಿಂದ ಅಷ್ಟಷ್ಟಾಗಿ ತಿನ್ನುತ್ತದೆ. ಉತ್ತಮ ನಳಿಗೆಯೂ ಕೆಲವು ಸಾವಿರ ಗುಂಡುಗಳ ತರುವಾಯ ಸ್ಪರ್ಧೆಗೆ ಬೇಕಾದ ಸೂಕ್ಷ್ಮತೆಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಸಫಲವಾದ ಪ್ರತಿಯೊಂದು ಗುಂಡೂ ಏಕಕಾಲದಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ: ಈ ರೈಫಲ್ಲು ನಂಬತಕ್ಕದ್ದೆಂಬುದಕ್ಕೆ ಸಾಕ್ಷ್ಯವಾಗುತ್ತದೆ, ಅದು ಒಂದು ದಿನ ನಂಬತಕ್ಕದ್ದಾಗಿ ಉಳಿಯದಿರುವುದಕ್ಕೆ ಕಾರಣವೂ ಆಗುತ್ತದೆ. ಪ್ರಮಾಣವು ಪ್ರಮೇಯವನ್ನು ಸ್ಥಾಪಿಸುತ್ತಲೇ ಅದನ್ನು ತಿನ್ನುತ್ತದೆ.

ಪರೀಕ್ಷೆಯು ಸವೆಸುತ್ತದೆಂಬುದನ್ನಾದರೂ ಹೇಗೋ ಸಹಿಸಬಹುದು. ಆರೈಕೆಯೂ ಸವೆಸುತ್ತದೆಂಬುದು ಮತ್ತಷ್ಟು ಯೋಚನೆಗೆ ಎಡೆಗೊಡತಕ್ಕ ಸಂಗತಿ. ಎಂ-1ರ ಬೋಲ್ಟನ್ನು ಸುಲಭವಾಗಿ ತೆಗೆದು ನಳಿಗೆಯನ್ನು ಹಿಂಬದಿಯಿಂದ ಶುಚಿಮಾಡುವಂತಿಲ್ಲ. ಶುಚಿಮಾಡುವ ಕಂಬಿಯನ್ನು ಮೂತಿಯ ಕಡೆಯಿಂದಲೇ ಇಳಿಸಬೇಕು. ಯುದ್ಧಕಾಲದ ತೋಟಾಗಳ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದುದರಿಂದ, ಉರಿದ ಮೇಲೆ ಉಳಿಯುವ ಲವಣವು ಗಾಳಿಯ ತೇವವನ್ನು ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತಿತ್ತು; ಅದನ್ನು ತಪ್ಪದೆ ತೊಳೆದುಹಾಕಬೇಕೆಂಬ ಕಟ್ಟಪ್ಪಣೆಯೂ ಇತ್ತು. ಆಜ್ಞಾಧಾರಕನಾದ ಸಿಪಾಯಿಯು ದಿನದಿನವೂ ಕಂಬಿಯನ್ನು ಮೂತಿಯಿಂದ ಇಳಿಸಿ ಎಳೆದನು. ಆ ಕಂಬಿಯು ಮೂತಿಯ ಅಂಚನ್ನು, ಗುಂಡು ನಳಿಗೆಯನ್ನು ಬಿಡುವ ಕೊನೆಯ ಗಳಿಗೆಯಲ್ಲಿ ಅದಕ್ಕೆ ದಿಕ್ಕನ್ನು ಕೊಡುವ ಆ ಅಂಚನ್ನೇ, ಉಜ್ಜಿ ಉಜ್ಜಿ ಅಗಲಮಾಡಿತು. ಗುಂಡಿನಿಂದ ಸವೆದುದಕ್ಕಿಂತ ಹೆಚ್ಚಾಗಿ ಶುಚಿತ್ವದಿಂದ ಸವೆದ ನಳಿಗೆಗಳು ಆ ರೈಫಲ್ಲುಗಳಲ್ಲಿ ಅಪರೂಪವಲ್ಲ. ಸ್ಪರ್ಧೆಗೆಂದು ಸಿದ್ಧಪಡಿಸಿದ ರೈಫಲ್ಲುಗಳಲ್ಲಿ ಇನ್ನೊಂದು ಬಗೆಯ ನಾಜೂಕಿದೆ. ಉಕ್ಕಿನ ಭಾಗವು ಅಕ್ರೋಟು ಮರದ ಒಡಲಿನಲ್ಲಿ ಕೂದಲೆಳೆಯಷ್ಟೂ ಅಲುಗದಂತೆ ಕೂರಲೆಂದು ಸಂದುಗಳಿಗೆ ಗಟ್ಟಿಯಾಗುವ ರಾಳವನ್ನು ಎರೆದು ಅಚ್ಚುಮಾಡಿರುತ್ತಾರೆ. ಶುಚಿಮಾಡಲೆಂದು ಬಿಚ್ಚಿ ಜೋಡಿಸಿದ ಪ್ರತಿಸಲವೂ ಆ ಹಿಡಿತ ಸ್ವಲ್ಪ ಸಡಿಲುತ್ತದೆ. ಆದುದರಿಂದ ಬಲ್ಲವರು ಅದನ್ನು ವರ್ಷಕ್ಕೊಮ್ಮೆಯೋ ಅದಕ್ಕಿಂತಲೂ ವಿರಳವಾಗಿಯೋ ಬಿಚ್ಚುತ್ತಾರೆ. ಎಷ್ಟು ಮಾಡಬೇಕೆಂಬುದನ್ನು ಅರಿಯುವುದು ಆರೈಕೆಯ ಅರ್ಧವಾದರೆ, ಯಾವಾಗ ಕೈಯಿಡಬಾರದೆಂಬುದನ್ನು ಅರಿಯುವುದು ಇನ್ನರ್ಧ. ಅತಿಯಾಗಿ ಮೀಯಿಸಿದ ಕೂಸಿಗೆ ನೆಗಡಿಯೆಂದು ನಮ್ಮ ಅಜ್ಜಿಯರು ಅಳುಕುವುದೂ ಇಂಥ ಅನುಭವದಿಂದಲೇ ಇರಬೇಕು.

ಪ್ರತ್ಯಕ್ಷವೊಂದನ್ನೇ ಪ್ರಮಾಣವೆಂದ ಚಾರ್ವಾಕರ ಮಾತನ್ನು ಇಲ್ಲಿ ಕೇಳದೆ ಮುಂದೆ ಹೋಗಲಾಗದು. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹದ ಮೊದಲನೆಯ ಅಧ್ಯಾಯದಲ್ಲಿ ಅವರ ವಾದವು ಬಲವಾಗಿಯೇ ನಿರೂಪಿತವಾಗಿದೆ: ಕಂಡ ಸಂದರ್ಭಗಳಿಂದ ಕಾಣದ ಸಂದರ್ಭಗಳಿಗೆ ಹೋಗಲು ಸೇತುವೆಯಿಲ್ಲ, ಹಿಂದಿನ ಸಾವಿರ ಸಲವೂ ಆದುದು ಮುಂದಿನ ಸಲವೂ ಆಗುವುದೆಂಬುದಕ್ಕೆ ಪ್ರತ್ಯಕ್ಷವು ಸಾಕ್ಷಿಯಾಗಲಾರದು, ಅನುಮಾನವನ್ನು ತಂದರೆ ಸಾಧಿಸಬೇಕಾದುದನ್ನೇ ಆಧಾರವಾಗಿ ಹಿಡಿದಂತಾಗುವುದು. ಎಂ-1ರ ಚರಿತ್ರೆಯೇ ಅವರ ಪರವಾಗಿ ಒಂದು ಸಾಕ್ಷ್ಯವನ್ನು ಹೇಳುತ್ತದೆ. ಸೇನೆ ಅಂಗೀಕರಿಸಿ ಕೆಲವು ವರ್ಷಗಳಾದ ಮೇಲೆ, ಕ್ಲಿಪ್ಪಿನ ಏಳನೆಯ ಗುಂಡು ಒಮ್ಮೊಮ್ಮೆ ಸಿಕ್ಕಿಕೊಂಡು ಯಂತ್ರವು ನಿಂತುಬಿಡುವ ದೋಷವೊಂದು ಪ್ರಕಟವಾಯಿತು. ಹುಡುಕಿದಾಗ ತೋರಿದ ಕಾರಣ ಬಹಳ ಅಲ್ಪ: ಬೋಲ್ಟು ಕೂರುವ ಉಕ್ಕಿನ ಒಡಲಾದ ರಿಸೀವರಿನ ಒಳಗೆ ತೋಟಾಗಳಿಗೆ ದಾರಿ ತೋರಿಸಬೇಕಾಗಿದ್ದ ಒಂದು ಸಣ್ಣ ಏಣು ತಯಾರಿಕೆಯ ಕೊರೆತದಲ್ಲಿ ಕಳೆದುಹೋಗುತ್ತಿತ್ತು. ಅದಕ್ಕೆ ಮೊದಲು ಸರಿಯಾಗಿ ಹಾರಿದ ಗುಂಡುಗಳಲ್ಲಿ ಯಾವುದೂ ಇದರ ಸುಳಿವನ್ನು ಕೊಟ್ಟಿರಲಿಲ್ಲ.

ಚಾರ್ವಾಕರಿಗೆ ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ ಕೊಡುವ ಉತ್ತರ ಪ್ರಸಿದ್ಧವಾದುದು: ಶಂಕೆಗೂ ಒಂದು ಎಲ್ಲೆಯುಂಟು, ತನ್ನ ನಡವಳಿಕೆಗೆ ತಾನೇ ವಿರುದ್ಧವಾಗುವ ಜಾಗದಲ್ಲಿ ಶಂಕೆಯು ನಿಲ್ಲಬೇಕು. ಹೊಗೆಗೆ ಬೆಂಕಿಯೇ ಕಾರಣವೆಂದು ನಂಬಿ ಒಲೆ ಹೊತ್ತಿಸುವವನು ಬಾಯಲ್ಲಿ ಮಾತ್ರ ಅದನ್ನು ಸಂದೇಹಿಸಿದರೆ ಆ ಸಂದೇಹಕ್ಕೆ ಬೆಲೆಯಿಲ್ಲ. ಈ ಉತ್ತರವನ್ನು ನಾನು ಗೌರವಿಸುತ್ತೇನೆ. ಆದರೆ ಸವೆಯುವ ವಸ್ತುಗಳ ವಿಷಯದಲ್ಲಿ ಇದು ಸಾಲದೆಂದು ಹೇಳಬೇಕಾಗಿದೆ. ನಿತ್ಯವಾದ ಸಂಬಂಧಗಳಲ್ಲಿ ಗತಕಾಲವು ನಮ್ಮ ಪಕ್ಷದ ಸಾಕ್ಷಿ. ಕ್ಷಯಿಷ್ಣುವಾದ ವಸ್ತುವಿನಲ್ಲಿ ಅದೇ ಗತಕಾಲವು ಸ್ವಲ್ಪ ದೂರದವರೆಗೆ ನಮ್ಮ ಪಕ್ಷದಲ್ಲಿದ್ದು, ಬಳಿಕ ಎದುರು ಪಕ್ಷಕ್ಕೆ ಸೇರುತ್ತದೆ. ಐದು ಸಾವಿರ ಗುಂಡುಗಳನ್ನು ತಪ್ಪದೆ ಹಾರಿಸಿದ ನಳಿಗೆಯನ್ನು ಅದೇ ಕಾರಣದಿಂದ ಬದಲಿಸಬೇಕಾಗಿ ಬರುತ್ತದೆ. 'ಇದುವರೆಗೆ ಕೈಕೊಟ್ಟಿಲ್ಲ' ಎಂಬ ಮಾತು ಎಲ್ಲಿಯವರೆಗೆ ಧೈರ್ಯದ ಮಾತು, ಎಲ್ಲಿಂದ ಎಚ್ಚರಿಕೆಯ ಮಾತು, ಎಂಬುದನ್ನು ತರ್ಕವು ತಾನಾಗಿ ಹೇಳಲಾರದು. ಉಕ್ಕಿನ ಸ್ವಭಾವವನ್ನು ಬಲ್ಲವನು ಹೇಳಬೇಕು.

ಸ್ವಭಾವದ ಮಾತು ಬಂದಾಗ ವೈಶೇಷಿಕರು ನೆನಪಾಗುತ್ತಾರೆ. ಸಂಸ್ಕಾರವೆಂಬ ಗುಣವನ್ನು ಅವರು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸಿದರು. ಬಿಲ್ಲಿನಿಂದ ಹೊರಟ ಬಾಣವನ್ನು ಮುಂದೊಯ್ಯುವುದು ವೇಗ, ಅನುಭವವನ್ನು ನೆನಪಾಗಿ ಉಳಿಸುವುದು ಭಾವನೆ, ಬಗ್ಗಿಸಿದುದನ್ನು ಮೊದಲಿನ ಸ್ಥಿತಿಗೆ ತರುವುದು ಸ್ಥಿತಿಸ್ಥಾಪಕ. ಮನುಷ್ಯನ ಸ್ಮರಣೆಯನ್ನೂ ಮರದ ಕೊಂಬೆಯ ಹಿಂದಿರುಗುವಿಕೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಈ ವಿಭಾಗವು ಓದುವಾಗ ವಿಚಿತ್ರವೆನಿಸೀತು. ರೈಫಲ್ಲಿನ ಮುಂದೆ ಅದು ಬಹಳ ಸಹಜವಾಗಿ ಕಾಣುತ್ತದೆ. ಆಪರೇಟಿಂಗ್ ರಾಡಿನೊಳಗಿನ ಸ್ಪ್ರಿಂಗು ಹೊಸದಾಗಿದ್ದಾಗ ಸುಮಾರು 20 ಅಂಗುಲ ಉದ್ದವಿರುತ್ತದೆ. ಸಾವಿರಾರು ಸಲ ಅದುಮಿಸಿಕೊಂಡು ಚಾಚಿಕೊಂಡ ಮೇಲೆ ಅದು ಪೂರ್ವಸ್ಥಿತಿಗೆ ಪೂರ್ತಿಯಾಗಿ ಮರಳದೆ ಕುಗ್ಗುತ್ತ ಬರುತ್ತದೆ. 19 ಅಂಗುಲಕ್ಕಿಂತ ಕಡಿಮೆಯಾದರೆ ಬದಲಿಸತಕ್ಕದ್ದೆಂಬುದು ಬಲ್ಲವರ ರೂಢಿ. ಸ್ಥಿತಿಸ್ಥಾಪಕ ಸಂಸ್ಕಾರವೂ ಸವೆಯುತ್ತದೆ, ಅಳತೆಗೋಲಿಗೆ ಸಿಗುವಂತೆ ಸವೆಯುತ್ತದೆ. ನಿಧಾನವಾಗಿ ಉರಿಯುವ ಮದ್ದನ್ನೋ ಅತಿಭಾರದ ಗುಂಡನ್ನೋ ಬಳಸಿದರೆ ರಂಧ್ರದ ಬಳಿ ಅನಿಲದ ಒತ್ತಡವು ಮಿತಿಮೀರಿ ರಾಡು ಬಾಗುವುದುಂಟು. ಎಣ್ಣೆಯನ್ನಷ್ಟೇ ಹಚ್ಚಿದರೆ ಮಳೆಯಲ್ಲಿ ತೊಳೆದುಹೋಗುವುದರಿಂದ ಬೋಲ್ಟಿಗೂ ರಾಡಿನ ಜಾಡಿಗೂ ಗ್ರೀಸನ್ನೇ ಹಚ್ಚಬೇಕು. ಕೇಡು ಬರುವ ದಾರಿಗಳು ಹೀಗೆ ಗೊತ್ತಾದ ದಾರಿಗಳು. ನನ್ನ ದೃಷ್ಟಿಯಲ್ಲಿ ನೆಚ್ಚಿಕೆಯ ನಿಜವಾದ ನೆಲೆಯಿರುವುದು ಇಲ್ಲಿಯೇ. ಕೆಡದಿರುವುದನ್ನು ನೆಚ್ಚಬೇಕೆಂದರೆ ಲೋಕದಲ್ಲಿ ನೆಚ್ಚತಕ್ಕ ವಸ್ತುವೇ ಇರಲಾರದು. ಹೇಗೆ ಕೆಡುವುದೆಂಬುದನ್ನು ನಾವು ಬಲ್ಲ ವಸ್ತು, ಮರೆಯಲ್ಲಿ ಮೋಸಮಾಡದೆ ಕ್ರಮವಾಗಿ ಕೆಡುವ ವಸ್ತು, ನೆಚ್ಚತಕ್ಕುದು. ಅನಿತ್ಯತೆಯು ನೆಚ್ಚಿಕೆಗೆ ಶತ್ರುವಲ್ಲ. ಅಜ್ಞಾತವಾದ ಅನಿತ್ಯತೆ ಮಾತ್ರ ಶತ್ರು.

ನಳಿಗೆಯನ್ನು ಬದಲಿಸಿ, ಸ್ಪ್ರಿಂಗನ್ನು ಬದಲಿಸಿ, ರಾಡನ್ನು ಬದಲಿಸಿ, ಮರದ ಒಡಲನ್ನೂ ಬದಲಿಸಿದ ಮೇಲೆ ಉಳಿದುದು ಅದೇ ರೈಫಲ್ಲೆ? ಮಿಲಿಂದರಾಜನು ಏರಿಬಂದ ರಥವನ್ನು ತೋರಿಸಿ, ಗಾಲಿ ರಥವೋ, ಅಚ್ಚು ರಥವೋ, ನೊಗ ರಥವೋ ಎಂದು ಬೌದ್ಧ ಭಿಕ್ಷು ನಾಗಸೇನನು ಕೇಳಿದ ಪ್ರಶ್ನೆಯೇ ಇದು. ಭಾಗಗಳ ಕೂಟಕ್ಕೆ ವ್ಯವಹಾರದಲ್ಲಿ ಇಟ್ಟ ಹೆಸರೇ ರಥವೆಂದು ಅವನ ಸಿದ್ಧಾಂತ. ಅಮೆರಿಕದ ಕಾನೂನು ಬೇರೊಂದು ಉತ್ತರವನ್ನು ಕೊಡುತ್ತದೆ: ಸಂಖ್ಯೆಯನ್ನು ಕೆತ್ತಿರುವ ರಿಸೀವರೇ ಬಂದೂಕು, ಉಳಿದವೆಲ್ಲ ಬಿಡಿಭಾಗಗಳು. ವ್ಯವಹಾರಕ್ಕೆ ಆ ನಿರ್ಣಯ ಸಾಕು. ಗುರಿಕಾರನಿಗೆ ಸಾಲದು, ನಳಿಗೆ ಬದಲಾದ ರೈಫಲ್ಲನ್ನು ಸಂಖ್ಯೆಯೊಂದೇ ಎಂದು ಮೊದಲಿನಂತೆ ನೆಚ್ಚಿದರೆ ಅವನು ಸೋಲುತ್ತಾನೆ. ಅವನ ಪಾಲಿಗೆ ಐಕ್ಯವೆಂಬುದು ದ್ರವ್ಯದಲ್ಲಿಲ್ಲ, ಅವನು ಬರೆದಿಡುವ ಪುಸ್ತಕದಲ್ಲಿದೆ: ಯಾವ ದಿನ ಎಷ್ಟು ಗುಂಡು, ಯಾವ ಲಾಟಿನದು, ಗಂಟಲಿನ ಗೇಜು ಎಷ್ಟನ್ನು ತೋರಿಸಿತು, ಯಾವಾಗ ಯಾವ ಭಾಗ ಹೊಸದಾಯಿತು. ಬೌದ್ಧರು ಸಂತಾನವೆಂದು ಕರೆಯುವ, ಒಂದರಿಂದ ಒಂದು ಹುಟ್ಟಿ ಮುಂದುವರಿಯುವ ಕ್ಷಣಗಳ ಧಾರೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ.

ಇಷ್ಟೆಲ್ಲ ಹೇಳಿಯೂ ಇದು ಆಯುಧವೆಂಬುದನ್ನು ಮರೆಯುವಂತಿಲ್ಲ. ಈ ರೈಫಲ್ಲು ನೆಚ್ಚಿಕೆಗೆ ತಕ್ಕುದಾಗಿರಬೇಕೆಂದು ಅದರ ಶಿಲ್ಪಿಯು ಶ್ರಮಿಸಿದುದು ಎದುರಿಗೆ ನಿಂತ ಮನುಷ್ಯನು ಬೀಳಲೆಂದೇ. ಆ ಕಾಲದಲ್ಲಿ ಅದರ ನೆಚ್ಚಿಕೆಯು ಒಬ್ಬ ತಾಯಿಯ ಮಗನನ್ನು ಉಳಿಸಿದ್ದರೆ ಇನ್ನೊಬ್ಬ ತಾಯಿಯ ಮಗನನ್ನು ಕೊಂದಿತು. ಕಾಗದದ ಗುರಿಯು ಆ ಚರಿತ್ರೆಯನ್ನು ಅಳಿಸಲಾರದು. ಆದರೂ ಅದರ ಪ್ರಯೋಜನವು ಬದಲಾದುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ನಮ್ಮ ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಐನ್‌ಮನೆಗಳೆಂಬ ಕುಲಮೂಲದ ಮನೆಗಳಲ್ಲಿ ಕೋವಿಗಳನ್ನು ಶುಚಿಮಾಡಿ, ತೋಕ್‌ಪೂವೆಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ, ತರುವಾಯ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಕೊಲ್ಲಬಲ್ಲ ವಸ್ತುವನ್ನು ಪೂಜಾಸ್ಥಾನಕ್ಕೂ ಪಂದ್ಯದ ಕಣಕ್ಕೂ ತಂದ ಆ ಸಮಾಜವು ಕೋವಿಯ ಶಕ್ತಿಯನ್ನು ಅಲ್ಲಗಳೆಯಲಿಲ್ಲ. ಆ ಶಕ್ತಿಗೆ ಒಂದು ಮರ್ಯಾದೆಯನ್ನು ಕಟ್ಟಿತು. ಆಯುಧವು ಸರಿಯಾಗಿ ನಡೆಯುವುದು ಆಯುಧದ ಸದ್ಗುಣವೆಂದು ನಾನು ಹೇಳಲಾರೆ. ಅದನ್ನು ಯಾವುದಕ್ಕೆ ತಿರುಗಿಸಬಾರದೆಂಬ ವಿಷಯದಲ್ಲಿ ಹಿಡಿದವನು ಎಷ್ಟು ನೆಚ್ಚತಕ್ಕವನು ಎಂಬುದು ಅದಕ್ಕಿಂತ ಕಠಿನವಾದ ಪರೀಕ್ಷೆ, ಅದಕ್ಕೆ ಗೇಜುಗಳಿಲ್ಲ.

ಕ್ಯಾಂಪ್ ಪೆರಿಯಲ್ಲಿ ಈಗ ಬಹುಮಂದಿ ಕೈಯಲ್ಲಿ ಹಿಡಿಯುವುದು ತರುವಾಯದ ಪೀಳಿಗೆಯ ರೈಫಲ್ಲುಗಳನ್ನು. ಆದರೂ ಸುಮಾರು ನಾಲ್ಕೂಕಾಲು ಕಿಲೋ ತೂಗುವ ಈ ಹಳೆಯದನ್ನು ಬಿಡದವರಿದ್ದಾರೆ. ಅವರಲ್ಲಿ ಒಬ್ಬನು ಮುಪ್ಪಿನಲ್ಲಿ ತನ್ನ ರೈಫಲ್ಲನ್ನು ಕಿರಿಯನೊಬ್ಬನಿಗೆ ಒಪ್ಪಿಸುವಾಗ ಕೊಡಬಹುದಾದುದು ಉಕ್ಕು, ಮರ, ಮತ್ತು ಆ ಲೆಕ್ಕದ ಪುಸ್ತಕ. ತನ್ನ ನೆಚ್ಚಿಕೆಯನ್ನು ಅವನು ಕೊಡಲಾರ. ಅದು ಅವನ ಭಾವನಾಸಂಸ್ಕಾರ, ಅವನ ಆತ್ಮದಲ್ಲಿ ಮಾತ್ರ ನೆಲೆಸಿದುದು. ಪಡೆದವನು ಪುಸ್ತಕವನ್ನು ಗೌರವದಿಂದ ಓದಲಿ, ಆದರೆ ಅದರ ಮಾತನ್ನೇ ನಂಬಿ ಮೈದಾನಕ್ಕೆ ಹೋಗದಿರಲಿ. ರೈಫಲ್ಲನ್ನು ಒಂದು ಸಲ ಪೂರ್ತಿಯಾಗಿ ಬಿಚ್ಚಿ, ಸ್ಪ್ರಿಂಗನ್ನು ಅಳತೆಗೋಲಿನ ಪಕ್ಕದಲ್ಲಿಟ್ಟು, ಗಂಟಲಿಗೂ ಮೂತಿಗೂ ಗೇಜುಗಳನ್ನು ಇಳಿಸಿ ನೋಡಿ, ಕಂಡ ಅಂಕಿಗಳನ್ನು ಹಳೆಯವನ ಕೊನೆಯ ಸಾಲಿನ ಕೆಳಗೆ ತನ್ನ ಕೈಬರಹದಲ್ಲಿ ಬರೆಯಲಿ.